ದಾವಲ ಮೇಸ್ತ್ರಿಯ ಎರಡು ನಿಮಿಷ

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಎಂದು ಕೇಳಬೇಡಿ. ಗಾಡಿಗಳು ಇನ್ನೂ ಹೊಗೆ ಬಿಡುತ್ತಿದ್ದ ಕಾಲ, ಅಷ್ಟು ಮಾತ್ರ ಹೇಳಬಲ್ಲೆ. ಈಗಿನ ಹಾಗೆ ಗೋಡೆಗೆ ವೈರು ಚುಚ್ಚಿ ಗಾಡಿಗೆ ಕರೆಂಟು ಕುಡಿಸುವ ಪದ್ಧತಿ ನಮ್ಮ ಕಡೆ ಆಗ ಇರಲಿಲ್ಲ. ಡೀಸೆಲ್ ಎಂಬ ಎಣ್ಣೆ ಇತ್ತು. ಬೆಳಿಗ್ಗೆ ಒಂದು ಗಾಡಿ ಶುರುವಾದರೆ ಓಣಿಗೆಲ್ಲ ಅದರ ವಾಸನೆ. ನೀವು ಮೂಗು ಮುರಿಯುತ್ತೀರಿ, ಮುರಿಯಿರಿ. ನನಗಂತೂ ಆ ವಾಸನೆ ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ಆ ಕಾಲದಲ್ಲಿ ಒಂದೂರು. ಊರೂ ಅಲ್ಲ ಅನ್ನಿ, ಮೂರು ದಾರಿ ಬಂದು ಕೂಡುವ ಒಂದು ಕ್ರಾಸು. ಒಂದು ಬೇವಿನ ಮರ, ಒಂದು ಚಹಾದಂಗಡಿ, ಒಂದು ತಗಡಿನ ಗ್ಯಾರೇಜು. ಆ ಗ್ಯಾರೇಜಿನಲ್ಲಿ ದಾವಲಸಾಬ ಎಂಬ ಮೇಸ್ತ್ರಿ ಇದ್ದನಂತೆ. ಸಣ್ಣ ಆಳು, ದೊಡ್ಡ ಕಿವಿ, ಮಾತು ಕಡಿಮೆ. ಗಾಡಿ ಎರಡು ಹೊಲದಾಚೆ ಇರುವಾಗಲೇ ಸದ್ದು ಕೇಳಿ ಅದಕ್ಕೆ ಏನು ಕಾಯಿಲೆ ಎಂದು ಹೇಳುತ್ತಿದ್ದನಂತೆ. ಕೆಲವರು ಎರಡು ಹೊಲವನ್ನು ಎರಡು ಹರದಾರಿ ಮಾಡಿ ಹೇಳುತ್ತಾರೆ. ಅಷ್ಟೆಲ್ಲ ಬೇಡ. ಎರಡು ಹೊಲ ಅಂದರೆ ಸಾಕು, ಅದೇ ಹೆಚ್ಚು.

ಹೊಗೆ ನೋಡಿ ಹೇಳುವುದರಲ್ಲಂತೂ ಅವನ ಮುಂದೆ ಯಾರೂ ಇರಲಿಲ್ಲವಂತೆ. ಕರೀ ಹೊಗೆ ಬಂದರೆ ಇಂಜಿನ್ನಿಗೆ ಗಾಳಿ ಸಾಲುತ್ತಿಲ್ಲ. ಬಿಳೀ ಹೊಗೆ ಬಂದರೆ ಡೀಸೆಲ್ ಪೂರಾ ಸುಡುತ್ತಿಲ್ಲ, ಇಲ್ಲವೇ ಒಳಗೆಲ್ಲೋ ನೀರು ನುಗ್ಗಿದೆ. ನೀಲಿ ಹೊಗೆ ಬಂತೋ, ಇಂಜಿನ್ನು ತನ್ನ ಆಯಿಲನ್ನು ತಾನೇ ಕುಡಿಯುತ್ತಿದೆ. ಒಮ್ಮೆ ಒಬ್ಬ ಶ್ರೀಮಂತನ ಗಾಡಿ ದಾರಿಯಲ್ಲಿ ಕುಂಟತೊಡಗಿ, ಪಟ್ಟಣದವರು ಇಂಜಿನ್ನನ್ನೇ ಇಳಿಸಬೇಕು ಅಂದಿದ್ದರಂತೆ. ದಾವಲ ಮೇಸ್ತ್ರಿ ಟ್ಯಾಂಕಿನಿಂದ ಒಂದು ಬಾಟಲಿ ಡೀಸೆಲ್ ತೆಗೆದು ಬೇವಿನ ಮರದ ಬುಡದಲ್ಲಿ ಇಟ್ಟನಂತೆ. ಚಹಾ ಕುಡಿದು ಬರುವಷ್ಟರಲ್ಲಿ ಬಾಟಲಿಯ ತಳದಲ್ಲಿ ಎರಡು ಬೆರಳು ನೀರು. ಹಳೇ ಡ್ರಮ್ಮಿನಿಂದ ಎಣ್ಣೆ ತುಂಬಿಸಿಕೊಂಡಿದ್ದನಂತೆ ಆ ಪುಣ್ಯಾತ್ಮ. ಇಂಜಿನ್ನು ಇಳಿಯುವುದು ತಪ್ಪಿತು.

ಇನ್ನೊಬ್ಬ ಇದ್ದ, ಹಾಲಿನ ಡೈರಿಯವನು. ಹೆಸರು ಬೇಡ, ಮೊಮ್ಮಕ್ಕಳು ಇಲ್ಲೇ ಕೂತಿರಬಹುದು. ಹೊಸ ಕಾರು ತಂದು ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ ಓಡಿಸುತ್ತಿದ್ದ. ದಿನಕ್ಕೆ ಒಂದು ಹರದಾರಿಯೂ ಇಲ್ಲ. ತಿಂಗಳಿಗೊಮ್ಮೆ ಸ್ಟೇರಿಂಗಿನ ಮುಂದೆ ಹಳದಿ ದೀಪ ಹೊತ್ತಿಕೊಂಡು ಗಾಡಿ ಎಳೆಯುವುದನ್ನೇ ಬಿಡುತ್ತಿತ್ತು. ಆ ಗಾಡಿಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಒಂದು ಜಾಲರಿ ಇರುತ್ತಿತ್ತು. ಗಾಡಿ ದೂರ ಓಡಿ ಚೆನ್ನಾಗಿ ಕಾದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತಿತ್ತು, ಇಲ್ಲದಿದ್ದರೆ ಜಾಲರಿ ಕಟ್ಟಿಕೊಂಡು ಇಂಜಿನ್ನಿಗೆ ಉಸಿರಾಡಲು ಆಗುತ್ತಿರಲಿಲ್ಲ. ಮೇಸ್ತ್ರಿ ನಟ್ಟು ಬಿಚ್ಚುವ ಪಾನಾ ಮುಟ್ಟಲಿಲ್ಲ. ನಿನ್ನ ಹೆಂಡತಿಯ ತವರು ಎಷ್ಟು ದೂರ ಅಂತ ಕೇಳಿದನಂತೆ. ನಲವತ್ತು ಮೈಲಿ ಅಂದ. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಬಾ, ದಾರಿಯಲ್ಲಿ ಎಲ್ಲೂ ನಿಲ್ಲಿಸಬೇಡ ಅಂದನಂತೆ. ಮೂರು ವರ್ಷದಿಂದ ಮಾವನ ಜೊತೆ ಮಾತು ಬಿಟ್ಟಿದ್ದ ಮನುಷ್ಯ, ಮಸಿ ಸುಡಲೆಂದು ಹೋಗಿ ಹೋಗಿ ಮಾವನ ಪಂಕ್ತಿಯಲ್ಲೇ ಹೋಳಿಗೆ ಉಂಡನಂತೆ. ಗಾಡಿಯೂ ನೆಟ್ಟಗಾಯಿತು, ಹೆಂಡತಿಯ ಮುಖವೂ ನೆಟ್ಟಗಾಯಿತು ಅಂತ ಈಗಲೂ ಹೇಳಿ ನಗುತ್ತಾರೆ.

ಇರಲಿ. ಇವೆಲ್ಲ ಸಣ್ಣ ಕತೆಗಳು. ಮೇಸ್ತ್ರಿಯನ್ನು ನಾವು ನೆನೆಯುವುದು ಬೇರೆ ಒಂದಕ್ಕೆ.

ಕ್ರಾಸಿನಿಂದ ಮೂಡಣ ದಿಕ್ಕಿಗೆ ಹೋದರೆ ಕೆಂಪಗುಡ್ಡ. ಗುಡ್ಡದ ನೆತ್ತಿಯ ಮೇಲೆ ನಮ್ಮ ಮಾಳಗುಂಡಿ. ಕಡಿದಾದ ಏರು, ಹನ್ನೊಂದು ತಿರುವು. ಬಸ್ಸು ಏರುತ್ತಿರಲಿಲ್ಲ. ಊರಿನಲ್ಲಿ ಯಮನೂರಪ್ಪ ಎಂಬವನಿದ್ದ. ಅವನು ಪಟ್ಟಣಕ್ಕೆ ಹೋಗಿ ಒಂದು ಹಳೇ ಕಾರು ತಂದ, ಏಳು ಜನ ಕೂರುವಂಥದ್ದು. ಆ ಗಾಡಿಯ ವರ್ಣನೆಯನ್ನು ನಮ್ಮ ಹಿರಿಯರು ದೇವರ ವಾಹನದ ವರ್ಣನೆಯ ಹಾಗೆ ಮಾಡುತ್ತಿದ್ದರು. ನಾಲ್ಕು ಸಿಲಿಂಡರು, ಹದಿನಾರು ವಾಲ್ವು. ಎರಡು ಲೀಟರಿಗೆ ಕೂದಲಷ್ಟು ಕಡಿಮೆ ಇಂಜಿನ್ನು, ಆದರೆ ನೂರಮೂವತ್ತು ಕುದುರೆಯ ಬಲ. ಹೊಟ್ಟೆಯಲ್ಲಿ ಐದೂವರೆ ಲೀಟರು ಆಯಿಲ್. ಡೀಸೆಲನ್ನು ಲಾರಿಯ ಟೈರಿನ ಗಾಳಿಗಿಂತ ಇನ್ನೂರು ಪಟ್ಟು ಒತ್ತಡದಲ್ಲಿ, ಕಣ್ಣಿಗೆ ಕಾಣದ ತೂತಿನಿಂದ ಒಳಗೆ ಚಿಮ್ಮಿಸುತ್ತಿತ್ತಂತೆ. ಇಷ್ಟು ಸಣ್ಣ ಇಂಜಿನ್ನಿಗೆ ಅಷ್ಟು ಬಲ ಎಲ್ಲಿಂದ ಬಂತು ಅಂತೀರಾ? ಅದಕ್ಕೊಂದು ಟರ್ಬೊ ಇತ್ತು. ಮುಷ್ಟಿಗಿಂತ ಸ್ವಲ್ಪ ದೊಡ್ಡ ಒಂದು ಬಸವನಹುಳು ಅಂದುಕೊಳ್ಳಿ. ಹೊರಗೆ ಹೋಗುವ ಬಿಸಿ ಹೊಗೆಯೇ ಅದರ ಚಕ್ರ ತಿರುಗಿಸುತ್ತಿತ್ತು, ಆ ಚಕ್ರ ಇನ್ನೊಂದು ಚಕ್ರ ತಿರುಗಿಸಿ ಇಂಜಿನ್ನಿಗೆ ಗಾಳಿ ತುಂಬುತ್ತಿತ್ತು. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು! ಇದು ಮಾತ್ರ ಉತ್ಪ್ರೇಕ್ಷೆ ಅಲ್ಲ.

ಯಮನೂರಪ್ಪ ಗಾಡಿ ತಂದದ್ದು ಮಗಳಿಗಾಗಿ. ಅವನ ಮಗಳು ನೀಲಮ್ಮ ಹತ್ತನೇ ಇಯತ್ತೆ ಪಾಸಾಗಿದ್ದಳು. ಕಾಲೇಜು ಇದ್ದದ್ದು ಗುಡ್ಡದ ಕೆಳಗೆ, ಪೇಟೆಯಲ್ಲಿ. ನಮ್ಮೂರಿನ ಹೆಣ್ಣುಮಕ್ಕಳು ಅಲ್ಲಿಯ ತನಕ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ತಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು, ಮಗಳು ಓದಲಿ ಎಂದು ಅವನಿಗೆ ಒಂದೇ ಹಟ. ಅವಳೊಬ್ಬಳೇ ಹೇಗೆ ಹೋಗುವುದು ಎಂದು ಮನೆಮನೆಗೆ ಹೋಗಿ ಕಾಡಿ ಬೇಡಿ ಇನ್ನೂ ಐವರನ್ನು ಒಪ್ಪಿಸಿದ. ಊರಿನ ಹಿರಿಯ ವೀರನಗೌಡರು ಒಂದೇ ಒಂದು ಮಾತು ಹೇಳಿದರಂತೆ: ದೀಪ ಹಚ್ಚುವುದರೊಳಗೆ ಹೆಣ್ಣುಮಕ್ಕಳು ಗುಡ್ಡದ ಮೇಲೆ ಇರಬೇಕು. ಇಲ್ಲದಿದ್ದರೆ ಓದು ಅಲ್ಲಿಗೇ ಬಂದ್.

ಆ ಆರು ಹುಡುಗಿಯರಲ್ಲಿ ನಮ್ಮವ್ವನೂ ಒಬ್ಬಳು. ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಈಗ ನಮ್ಮೂರಿನ ಪದ್ಧತಿ ಒಂದನ್ನು ಹೇಳಬೇಕು. ಹನ್ನೊಂದನೆಯ ತಿರುವು ದಾಟಿ ಏರು ಮುಗಿಯುವ ಜಾಗದಲ್ಲೇ ದುರ್ಗವ್ವನ ಕಟ್ಟೆ. ಗುಡಿಯ ಮುಂದೆ ಚಪ್ಪಲಿ ಬಿಡುವ ಹಾಗೆ, ದುರ್ಗವ್ವನ ಮುಂದೆ ಇಂಜಿನ್ನು ಬಂದ್ ಮಾಡಬೇಕು. ಏರಿದ ಕೂಡಲೇ, ಆ ಕ್ಷಣವೇ. ತಾಯಿಯ ಮುಂದೆ ಯಂತ್ರ ಗುರುಗುಟ್ಟಬಾರದು. ಗಾಡಿ ಬಂದ್ ಮಾಡಿ, ಕೈ ಮುಗಿದು, ಆಮೇಲೆ ಮತ್ತೆ ಶುರು ಮಾಡಿ ಊರೊಳಗೆ ಹೋಗುವುದು. ಮೋಟರ್ ಸೈಕಲ್ಲಿನವರೂ ಹಾಗೇ, ಟ್ರ್ಯಾಕ್ಟರಿನವರೂ ಹಾಗೇ. ಯಮನೂರಪ್ಪನಂತೂ ಇನ್ನೂ ನಾಲ್ಕು ಮಾರು ಇರುವಾಗಲೇ ಚಾವಿ ತಿರುವಿ, ಉಳಿದ ದೂರ ಸದ್ದಿಲ್ಲದೆ ಉರುಳಿಕೊಂಡು ಬಂದು ನಿಲ್ಲುತ್ತಿದ್ದ. ಅಷ್ಟು ಭಕ್ತಿ.

ಎರಡನೇ ವರ್ಷದ ಓದು ಶುರುವಾಗಿ ನಾಲ್ಕು ತಿಂಗಳಾಗಿತ್ತಂತೆ. ಒಂದು ಸಂಜೆ ಐದನೇ ತಿರುವಿನಲ್ಲಿ ಗಾಡಿ ಸೀಟಿ ಹೊಡೆದು ಕರೀ ಹೊಗೆ ಬಿಟ್ಟು ನಿಂತಿತು. ಹುಡುಗಿಯರು ಉಳಿದ ಏರನ್ನು ನಡೆದು ಮನೆ ಸೇರುವಾಗ ದೀಪ ಹಚ್ಚಿ ಆಗಿತ್ತು. ಗೌಡರು ಬಾಯಿ ಬಿಡಲಿಲ್ಲ. ದಾವಲ ಮೇಸ್ತ್ರಿ ಬಂದು ನೋಡಿದ, ಟರ್ಬೊ ಹೋಗಿತ್ತು. ಗುಜರಿಯಿಂದ ಇನ್ನೊಂದು ಹುಡುಕಿ ತಂದು ಕೂಡಿಸಿದ. ಮತ್ತೆ ನಾಲ್ಕು ತಿಂಗಳಿಗೆ ಅದೂ ಹೋಯಿತು. ಈ ಸಲ ಗೌಡರು ಬಾಯಿ ಬಿಟ್ಟರು. "ಇನ್ನೊಂದು ಸಲ ಆತಂದ್ರ ಪುಸ್ತಕ ಗಂಟು ಕಟ್ಟಿ ಅಟ್ಟದ ಮ್ಯಾಲ ಇಡಸ್ತೀನಿ ನೋಡು ಯಮನೂರ" ಅಂದರಂತೆ. ಪಿಯುಸಿ ಪರೀಕ್ಷೆ ಹತ್ತಿರ ಬರುತ್ತಿತ್ತು.

ಎರಡನೇ ಟರ್ಬೊವನ್ನು ಮೇಸ್ತ್ರಿ ಬೇವಿನ ಮರದ ಕೆಳಗೆ ಕೂತು ಪೂರಾ ಬಿಚ್ಚಿದನಂತೆ. ಟರ್ಬೊದ ನಡುವಿನ ಸರಳನ್ನು ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಿಡಿದು ನೋಡಿದ. ಅದರ ಮೇಲೆ ಸುಟ್ಟ ಆಯಿಲ್ ಕರಕಲಾಗಿ ಕಚ್ಚಿಕೊಂಡಿತ್ತು, ಹೊತ್ತಿಹೋದ ಪಾಯಸದ ಪಾತ್ರೆಯ ತಳದ ಹಾಗೆ.

"ಯಮನೂರಣ್ಣ, ಗುಡ್ಡ ಏರಿದ ಮ್ಯಾಲ ಮೊದಲ ಎಲ್ಲಿ ನಿಲ್ಲಸ್ತಿ?" ಅಂತ ಕೇಳಿದ.

"ದುರ್ಗವ್ವನ ಕಟ್ಟಿ ಮುಂದ. ಏರಿದ ಕೂಡಲೇ ಬಂದ್. ಅವ್ವನ ಮುಂದ ಬುರ್ರ್ ಅನಕೋತ ನಿಂದರಾಕ ಬರ್ತೈತೇನು ದಾವಲಣ್ಣ?"

ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆದ. ಹೇಳಲಿಲ್ಲ. ಚಹಾ ತರಿಸಿ ಕುಡಿದ, ಮೂರನೇ ಟರ್ಬೊ ಕೂಡಿಸಿ ಕಳಿಸಿದ. ಮೇಸ್ತ್ರಿಗೆ ಇವತ್ತು ಮೈ ಸರಿ ಇಲ್ಲವೇನೋ ಅಂದುಕೊಂಡು ಯಮನೂರಪ್ಪ ಹೊರಟುಬಂದ.

ಪರೀಕ್ಷೆಗೆ ಇನ್ನು ಮೂರು ದಿನ ಇತ್ತಂತೆ. ಬೆಳಿಗ್ಗೆ ಗುಡ್ಡ ಇಳಿಯುವಾಗ ಯಮನೂರಪ್ಪನಿಗೆ ಹಿಂದೆ ನೀಲಿ ಹೊಗೆ ಕಂಡಿತು. ಕಾಲೇಜಿಗೆ ಹೊತ್ತಾಗುತ್ತದೆ ಎಂದು ನಿಲ್ಲಿಸದೆ ಹೋದ. ಸಂಜೆ ಹುಡುಗಿಯರನ್ನು ಕೂರಿಸಿಕೊಂಡು ಬರುವಾಗ ಕ್ರಾಸಿನಲ್ಲಿ ನಿಂತು ಮೇಸ್ತ್ರಿಯನ್ನು ಕರೆದ. ಇವತ್ತೊಂದು ದಿನ ಗಾಡಿ ಮೇಲೆ ಮುಟ್ಟಿದರೆ ಸಾಕು, ನಾಳೆ ಬಿಚ್ಚೋಣ ಎಂದು ಅಂಗಲಾಚಿದ. ಮೇಸ್ತ್ರಿ ಸದ್ದು ಕೇಳಿದ, ಮುಖ ಸಣ್ಣ ಮಾಡಿದ, ನಾನೂ ಬರುತ್ತೇನೆ ಎಂದು ಮುಂದಿನ ಸೀಟಿನಲ್ಲಿ ಕೂತ. ಏಳು ಜನರ ಗಾಡಿಯಲ್ಲಿ ಎಂಟು ಜನ. ದಾರಿಯುದ್ದಕ್ಕೂ ಮೇಸ್ತ್ರಿ ಮೆಲ್ಲಗೆ, ಮೆಲ್ಲಗೆ ಎನ್ನುತ್ತ ಬಂದನಂತೆ. ಹತ್ತನೇ ತಿರುವಿನಲ್ಲಿ "ಯಮನೂರಣ್ಣ, ಇವತ್ತ ಕಟ್ಟಿ ಮುಂದ ಒಂಚೂರು..." ಅಂದವನು ಅಲ್ಲಿಗೇ ನಿಲ್ಲಿಸಿಬಿಟ್ಟ. ಏನು ಅಂತ ಕೇಳಿದರೆ, ಏನಿಲ್ಲ ಅಂದ.

ಹೊತ್ತು ಮುಳುಗಲು ಇನ್ನೂ ನಾಲ್ಕು ಬೆರಳಿತ್ತು. ಕಟ್ಟೆ ಬಂತು. ಯಮನೂರಪ್ಪ ಚಾವಿ ತಿರುವಿದ.

ಇಂಜಿನ್ನು ನಿಲ್ಲಲಿಲ್ಲ.

ಚಾವಿ ಕಿತ್ತು ಕೈಯಲ್ಲಿ ಹಿಡಿದ. ಆಗಲೂ ನಿಲ್ಲಲಿಲ್ಲ. ನಿಲ್ಲುವುದು ಹೋಗಲಿ, ಸದ್ದು ಏರುತ್ತ ಏರುತ್ತ ಕಿರುಚಾಟವಾಯಿತು. ಗಾಡಿ ನಿಂತಲ್ಲೇ ಥರಥರ ನಡುಗಿತು. ಹಿಂದಿನಿಂದ ನೀಲಿ ಹೊಗೆ ಎದ್ದು ದುರ್ಗವ್ವನ ಕಟ್ಟೆಯನ್ನೇ ಮುಚ್ಚಿತು. ಚಾವಿ ಕೈಯಲ್ಲಿದೆ, ಗಾಡಿ ಬೊಬ್ಬೆ ಹೊಡೆಯುತ್ತಿದೆ! ಕಟ್ಟೆಯ ಮೇಲೆ ಕೂತಿದ್ದವರಲ್ಲಿ ಒಬ್ಬ ಮುದುಕಿಯನ್ನು ಬಿಟ್ಟು ಉಳಿದವರೆಲ್ಲ ಅವ್ವ ಮೈಮೇಲೆ ಬಂದಳು ಎಂದು ದಿಕ್ಕಾಪಾಲಾಗಿ ಓಡಿದರಂತೆ.

ಮೇಸ್ತ್ರಿಯೂ ಓಡಲಿಲ್ಲ. "ಹುಡುಗ್ಯಾರನ್ನ ಇಳಸೋ ಯಮನೂರಣ್ಣ!" ಅಂತ ಕೂಗಿ ಜಿಗಿದ. ಯಮನೂರಪ್ಪ ಒಬ್ಬೊಬ್ಬಳನ್ನೇ ರಟ್ಟೆ ಹಿಡಿದು ಹೊರಗೆಳೆದ. ಮೇಸ್ತ್ರಿ ಓಡುತ್ತಿದ್ದ ಕುರುಬನೊಬ್ಬನ ಹೆಗಲ ಮೇಲಿನ ಕಂಬಳಿ ಕಸಿದು, ದನ ನೀರು ಕುಡಿಯುವ ಬಾನಿಯಲ್ಲಿ ಅದ್ದಿ, ಬಾನೆಟ್ ಎತ್ತಿ, ಇಂಜಿನ್ನು ಗಾಳಿ ಎಳೆದುಕೊಳ್ಳುವ ಪೈಪನ್ನು ಕಿತ್ತು, ಆ ಬಾಯಿಗೆ ಕಂಬಳಿ ಒತ್ತಿ ಹಿಡಿದ. ಬರಿಗೈಯನ್ನೇ ಇಟ್ಟ ಅಂತಲೂ ಹೇಳುತ್ತಾರೆ. ಸುಳ್ಳು. ಬರಿಗೈ ಇಟ್ಟಿದ್ದರೆ ಕೈ ಉಳಿಯುತ್ತಿರಲಿಲ್ಲ, ಕಂಬಳಿಯನ್ನು ನಮ್ಮವ್ವ ಕಣ್ಣಾರೆ ಕಂಡಿದ್ದಾಳೆ. ಇಂಜಿನ್ನು ಮೂರು ಸಲ ಬಿಕ್ಕಿತು. ನಾಲ್ಕನೆಯ ಸಲ ನಿಂತಿತು. ಬಿಸಿ ಕಬ್ಬಿಣ ತಾಗಿ ಮೇಸ್ತ್ರಿಯ ಮೊಣಕೈವರೆಗೆ ಬೊಬ್ಬೆ ಎದ್ದಿತ್ತು.

ಓಡಿದವರು ಒಬ್ಬೊಬ್ಬರೇ ತಿರುಗಿ ಬಂದರು. ವೀರನಗೌಡರೂ ಬಂದರು. "ಅವ್ವಗ ಸಿಟ್ಟು ಬಂದೈತಿ. ಹೆಣ್ಣುಮಕ್ಕಳು ಗುಡ್ಡ ಇಳಿದದ್ದು ಆಕಿಗೆ ಸೇರವಲ್ದು. ಇವತ್ತಿಗೆ ಸಾಕು ಮಾಡ್ರಿ" ಅಂದರು. ಎಲ್ಲರೂ ತಲೆ ಆಡಿಸಿದರು. ನೀಲಮ್ಮ ಚೀಲವನ್ನು ಎದೆಗವಚಿಕೊಂಡು ಅಪ್ಪನ ಮುಖ ನೋಡಿದಳು. ಯಮನೂರಪ್ಪ ಮಗಳ ಮುಖ ನೋಡಲಾರದೆ ನೆಲ ನೋಡಿದನಂತೆ. ಅವನಿಗೂ ಭಯವಾಗಿತ್ತು. ಚಾವಿ ಕಿತ್ತರೂ ಓಡುವ ಗಾಡಿಯನ್ನು ಅವನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಅವ್ವನೇ ಬೇಡ ಅಂದಳೇನೋ ಎಂದು ಅವನ ಮನಸ್ಸೂ ಅರ್ಧ ಒಪ್ಪಿತ್ತು. ಎರಡು ವರ್ಷದ ಓದು, ಮೂರೇ ದಿನ ಉಳಿದಿತ್ತು.

ಮೇಸ್ತ್ರಿ ಯಾರ ಜೊತೆಯೂ ವಾದ ಮಾಡಲಿಲ್ಲ. ಇಂಜಿನ್ನು ಆರುವ ತನಕ ಕಾದು, ಸುಟ್ಟ ಕೈಯಿಂದಲೇ ಟರ್ಬೊ ಬಿಚ್ಚಿ, ಕಟ್ಟೆಯ ಕೆಳಗಿನ ಕಲ್ಲಿನ ಮೇಲೆ ಇಟ್ಟ. ಒಳಗಿನ ಸರಳು ತೆಗೆದು ಗೌಡರ ಕೈಗೆ ಕೊಟ್ಟ.

"ಇದು ನಿಮಿಷಕ್ಕ ಲಕ್ಷದ ಮ್ಯಾಲ ಸುತ್ತತೈತ್ರಿ ಗೌಡ್ರ. ಆಯಿಲಿನ ಮ್ಯಾಲ ತೇಲಕೋತ ಸುತ್ತತೈತಿ. ಏರು ಹತ್ತಿ ಬಂದಾಗ ಇದರ ಮನಿ ಕೆಂಡ ಆಗಿರತೈತಿ. ನಾವು ಪಟ್ಟನ ಬಂದ್ ಮಾಡಿದಿವಂದ್ರ ಆಯಿಲ್ ಬರೂದು ನಿಲ್ಲತೈತಿ, ಇದು ಸುತ್ತೂದು ನಿಲ್ಲಂಗಿಲ್ಲ. ಒಳಗಿದ್ದ ಆಯಿಲ್ ಸುಟ್ಟು ಕರಕಲಾಗತೈತಿ. ಹಿಂಗ ದಿನಾ ಸುಟ್ಟು ಸುಟ್ಟು ಆಯಿಲ್ ತಡಿಯೂ ಸೀಲ್ ಹೋತು, ಇಂಜಿನ್ನು ತನ್ನ ಆಯಿಲ್ ತಾನ ಕುಡದು ಓಡಿತು. ಡೀಸೆಲ್ ಬ್ಯಾಡಾತು ಅದಕ್ಕ, ಚಾವಿನೂ ಬ್ಯಾಡಾತು. ಅವ್ವನ ಸಿಟ್ಟಲ್ಲ ಇದು."

ಅಷ್ಟು ಹೇಳಿ ಯಮನೂರಪ್ಪನ ಕಡೆ ತಿರುಗಿದನಂತೆ. ಅವನ ಕಣ್ಣು ತುಂಬಿತ್ತು ಅಂತ ನಮ್ಮವ್ವ ಹೇಳುತ್ತಿದ್ದಳು.

"ಎರಡನೇ ಸಲಾನ ನಂಗ ಗೊತ್ತಾಗಿತ್ತು ಯಮನೂರಣ್ಣ. ನಿಮ್ಮ ದೇವರ ಮುಂದಿನ ಪದ್ಧತಿ, ಅದನ್ನ ತಪ್ಪಂತ ಹೇಳಾಕ ನಾ ಎಂಥಾಂವ ಅಂತ ಸುಮ್ನಾದೆ. ಹುಡುಗ್ಯಾರ ಜೀವಕ್ಕ ಬಂತು. ತಪ್ಪು ನಂದು."

ಯಮನೂರಪ್ಪನಿಗೆ ಮೊದಲು ಸಿಟ್ಟು ನೆತ್ತಿಗೇರಿತು. ನನ್ನ ಮಗಳನ್ನು ಕೂರಿಸಿಕೊಂಡು ಓಡಾಡಿದೆನಲ್ಲ ಎಂದು ಕೈ ಎತ್ತುವಷ್ಟು ಸಿಟ್ಟು. ಆಮೇಲೆ ಒಂದು ಗಳಿಗೆ ಯೋಚಿಸಿದ. ಅಂದು ಮೇಸ್ತ್ರಿ ಬಾಯಿ ಬಿಟ್ಟು ಹೇಳಿದ್ದರೆ ತಾನು ಏನು ಮಾಡುತ್ತಿದ್ದೆ? "ನೀ ಹೇಳಿದ್ದರ ನಾನ ನಿನ್ನ ಬೈದು, ಗಾಡಿ ಬ್ಯಾರೆ ಕಡೆ ಒಯ್ತಿದ್ದೆ ದಾವಲಣ್ಣ" ಅಂದ. ಅಷ್ಟು ಜನರ ಮುಂದೆ ಅದನ್ನು ಹೇಳುವುದು ಸುಲಭವಿರಲಿಲ್ಲ.

ಗೌಡರು ಸರಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಕರಕಲು ಕಾಣುತ್ತಿತ್ತು, ಒಪ್ಪದೆ ವಿಧಿಯಿಲ್ಲ. ಆದರೆ ಅವ್ವನ ಪದ್ಧತಿ ಬಿಡುವುದು ಹೇಗೆ? ಎಲ್ಲರೂ ಕಟ್ಟೆಯ ಪೂಜಾರಿ ಹುಲಿಗೆವ್ವನ ಕಡೆ ನೋಡಿದರು. ಎಂಬತ್ತು ದಾಟಿದ ಮುದುಕಿ. ಇಷ್ಟು ಗದ್ದಲದಲ್ಲೂ ಕಟ್ಟೆಯಿಂದ ಏಳದೆ ಎಲೆಯಡಿಕೆ ಜಗಿಯುತ್ತ ಕೂತಿದ್ದಳಂತೆ. ಅವಳು ದುರ್ಗವ್ವನ ಹೆಸರಿನಲ್ಲಿ ಹೇಳಿದರೆ ಅದಕ್ಕೆ ಎದುರಿಲ್ಲ.

"ಗೌಡಾ, ಹೇರು ಎಳಕೊಂಡು ಗುಡ್ಡ ಹತ್ತಿದ ಎತ್ತಿಗೆ ಬಂದ ಕೂಡಲೇ ನೀರು ಕುಡಸ್ತಿಯೇನು?" ಅಂತ ಕೇಳಿದಳು.

"ಇಲ್ಲ ಬೇ. ದಮ್ಮು ಆರಲಿ ಅಂತ ಬಿಡ್ತೀವಿ."

"ಮತ್ತ ಇದಕ್ಕ್ಯಾಕ ಬಿಡವಲ್ರಿ? ಇದೂ ನಮ್ಮ ಮಕ್ಕಳನ್ನ ಹೊತ್ತು ಬಂದೈತಿ. ಇದೂ ಅವ್ವಗ ಕೈ ಮುಗೀಲಿ. ಇದು ಮುಗದ ಮ್ಯಾಲ ಬಂದ್ ಮಾಡಿ ನೀವು ಮುಗೀರಿ." ಮೇಸ್ತ್ರಿಯ ಕಡೆ ತಿರುಗಿ, "ಎಷ್ಟೊತ್ತು ಬೇಕೋ ತಮ್ಮಾ ಇದಕ್ಕ?" ಅಂದಳು.

ಎರಡು ನಿಮಿಷ ಸಾಕು, ಎಕ್ಸಿಲೇಟರ್ ಒತ್ತದೆ ಮೆಲ್ಲಗೆ ಬಿಟ್ಟಿರಬೇಕು ಎಂದು ಮೇಸ್ತ್ರಿ ಹೇಳಿದ.

ಗೌಡರಿಗೆ ಇನ್ನೂ ಒಂದು ಕೊಕ್ಕೆ ಉಳಿದಿತ್ತು. "ಎರಡು ನಿಮಿಷ ಆತು ಅಂತ ಯಾರು ಎಣಸೋರು ಬೇ? ಅವಸರ ಇದ್ದಾಂವ ಅರ್ಧಕ್ಕ ಬಂದ್ ಮಾಡ್ತಾನ" ಅಂದರು.

ಹುಲಿಗೆವ್ವ ಎಲೆಯಡಿಕೆ ಉಗುಳಿ ಬಾಯಿ ಒರೆಸಿಕೊಂಡಳಂತೆ. ಚೀಲ ಅವಚಿ ನಿಂತಿದ್ದ ಆರು ಹುಡುಗಿಯರನ್ನು ತೋರಿಸಿದಳು.

"ಎಣಿಕಿ ಕಲತೋರು ಅದಾರಲ್ಲ. ಅವರು ಎಣಸ್ತಾರ."

ಗೌಡರು ಹುಡುಗಿಯರನ್ನು ನೋಡಿದರು, ಮುದುಕಿಯನ್ನು ನೋಡಿದರು. ಆಮೇಲೆ ಸರಳನ್ನು ಮೇಸ್ತ್ರಿಯ ಕೈಗಿತ್ತು, "ಪರೀಕ್ಷಾ ಬರೀಲಿ ಹಂಗಾರ" ಎಂದು ಮನೆಯ ದಾರಿ ಹಿಡಿದರಂತೆ. ಯಮನೂರಪ್ಪ ಅಲ್ಲೇ ನೆಲಕ್ಕೆ ಕೂತು ಮಕ್ಕಳ ಹಾಗೆ ಅತ್ತನಂತೆ.

ಮೂರು ದಿನದಲ್ಲಿ ಇನ್ನೊಂದು ಟರ್ಬೊ ಎಲ್ಲಿ ಸಿಗಬೇಕು? ಮೇಸ್ತ್ರಿ ಆಯಿಲ್ ದಾರಿಗೆ ಬಿರಡೆ ಹಾಕಿ, ಪೈಪುಗಳಲ್ಲಿ ತುಂಬಿದ್ದ ಆಯಿಲ್ ತೊಳೆದು, ಗಾಳಿಯ ಪೈಪನ್ನು ನೇರ ಜೋಡಿಸಿ, ಟರ್ಬೊ ಇಲ್ಲದೆಯೇ ಇಂಜಿನ್ನು ಓಡುವ ಹಾಗೆ ಮಾಡಿದ. ಓಡಿತು, ಆದರೆ ಬಲವಿಲ್ಲ. ಏರಿನಲ್ಲಿ ಅಷ್ಟೂ ಜನ ಇಳಿಯಬೇಕು. ಪರೀಕ್ಷೆ ಮುಗಿಯುವ ತನಕ ದಿನವೂ ಸಂಜೆ ಖಾಲಿ ಗಾಡಿ ಕೆಮ್ಮುತ್ತ ಮುಂದೆ ಹೋಗುತ್ತಿತ್ತು, ಆರು ಹುಡುಗಿಯರು ಮರುದಿನದ ಪುಸ್ತಕ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದಿಕೊಳ್ಳುತ್ತ ಹಿಂದೆ ಏರುತ್ತಿದ್ದರು. ದೀಪ ಹಚ್ಚುವುದು ಒಂದೆರಡು ದಿನ ತಪ್ಪಿತು. ಗೌಡರು ಕಂಡೂ ಕಾಣದ ಹಾಗೆ ಇದ್ದರಂತೆ. ಆರರಲ್ಲಿ ಐವರು ಪಾಸಾದರು. ಗಣಿತದಲ್ಲಿ ಉಳಿದವಳು ನಮ್ಮವ್ವ. ನಗಬೇಡಿ, ಮುಂದಿನ ಸಲ ಪಾಸಾದಳು. ನೀಲಮ್ಮ ಮುಂದೆ ಅದೇ ಕಾಲೇಜಿನಲ್ಲಿ ಪಾಠ ಹೇಳಿದಳು. ಆಮೇಲೆ ಕೂಡಿಸಿದ ಟರ್ಬೊ, ಗಾಡಿ ಮೂರು ಲಕ್ಷ ಕಿಲೋಮೀಟರು ದಾಟುವ ತನಕ ಬದಲಾಗಲಿಲ್ಲ ಅಂತಾರೆ. ನಾಲ್ಕು ಲಕ್ಷ ಅನ್ನುವವರೂ ಇದ್ದಾರೆ.

ದಾವಲ ಮೇಸ್ತ್ರಿ ಹೋಗಿ ಎಷ್ಟೋ ಕಾಲವಾಯಿತು. ತಗಡಿನ ಗ್ಯಾರೇಜು ಇಲ್ಲ, ಬೇವಿನ ಮರವೂ ಇಲ್ಲ. ಯಮನೂರಪ್ಪನ ಗಾಡಿ ಗುಜರಿಗೆ ಹೋಯಿತು, ಅದರ ಹಿಂದೆಯೇ ಡೀಸೆಲ್ ಕಾಲವೂ ಹೋಯಿತು. ಈಗ ನಮ್ಮ ಗುಡ್ಡ ಏರುವ ಗಾಡಿಗಳಿಗೆ ಸದ್ದಿಲ್ಲ, ಹೊಗೆಯಿಲ್ಲ. ಟರ್ಬೊ ಅಂದರೆ ಏನು ಅಂತ ಕೇಳಿದರೆ ಹೇಳಬಲ್ಲವರು ಊರಿನಲ್ಲಿ ನಾಲ್ಕು ಜನ ಸಿಗಲಿಕ್ಕಿಲ್ಲ. ತಣ್ಣಗಾಗಲಿ ಎಂದು ಕಾಯಬೇಕಾದದ್ದು ಆ ಗಾಡಿಗಳಲ್ಲಿ ಏನೂ ಇಲ್ಲ.

ಆದರೂ ಹನ್ನೊಂದನೆಯ ತಿರುವು ದಾಟಿ ಕಟ್ಟೆಯ ಮುಂದೆ ಗಾಡಿ ನಿಂತರೆ ಯಾರೂ ಬಾಗಿಲು ತೆಗೆಯುವುದಿಲ್ಲ. ಓದುವ ಹುಡುಗಿ ಯಾರಿದ್ದಾಳೆ ಅಂತ ಡ್ರೈವರು ಹಿಂದೆ ತಿರುಗಿ ನೋಡುತ್ತಾನೆ. ಅವಳು ಒಂದರಿಂದ ನೂರಿಪ್ಪತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಾಳೆ. ಒಳಗೆ ಮದುವಣಿಗ ಇರಲಿ, ಅವಸರದ ಅಧಿಕಾರಿ ಇರಲಿ, ವೀರನಗೌಡರ ಮರಿಮಗನೇ ಇರಲಿ, ಆ ಹುಡುಗಿ ನೂರಿಪ್ಪತ್ತು ಅನ್ನುವ ತನಕ ಕೈ ಕಟ್ಟಿ ಕೂತಿರುತ್ತಾರೆ.